ಒಂದೇ ಥರ ತಪ್ಪುವ ಕಡ್ಡಿ: ಮನೆಯ ಸಿಎನ್‌ಸಿಗೊಂದು ವೈರ್‌ಲೆಸ್ ಟಚ್ ಪ್ರೋಬ್

(ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಹಾಕಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಿಎನ್‌ಸಿ ಎಂದರೆ ಕಂಪ್ಯೂಟರಿನ ಆಜ್ಞೆಯಂತೆ ತಾನೇ ಓಡಿ ಕೊರೆಯುವ ಯಂತ್ರ. ಅದಕ್ಕೆ ತನ್ನ ಮೋಟಾರು ಎಷ್ಟು ಹೆಜ್ಜೆ ತಿರುಗಿತು ಎಂಬ ಎಣಿಕೆ ಬಿಟ್ಟರೆ ಬೇರೇನೂ ತಿಳಿಯದು. ವೈಸಿಗೆ ಕಚ್ಚಿಸಿದ ಜಾಬ್ (ಕೊರೆಯಬೇಕಾದ ತುಂಡು) ಎಲ್ಲಿದೆ, ಅದರ ಅಂಚು ಎಲ್ಲಿ ಶುರುವಾಗುತ್ತದೆ, ಮೇಲ್ಮೈ ಎಷ್ಟು ಎತ್ತರದಲ್ಲಿದೆ, ಇದನ್ನೆಲ್ಲ ನಾವೇ ಹೇಳಿಕೊಡಬೇಕು. ಹೆಚ್ಚಿನವರು ಶುರು ಮಾಡುವುದು ಕಾಗದದ ಚೂರಿನಿಂದ. ಕಟ್ಟರ್ ಕೆಳಗೆ ಕಾಗದ ಇಟ್ಟು, ಮೆಲ್ಲಗೆ ಎಳೆಯುತ್ತಾ ಇಳಿಸಿ, ಕಾಗದ ಹಿಡಿದುಕೊಂಡ ಕೂಡಲೇ ನಿಲ್ಲಿಸಿ ಝೀರೋ ಮಾಡುವುದು. ಕೆಟ್ಟ ಪದ್ಧತಿಯೇನಲ್ಲ, ಮರದ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಮೊದಲೇ ಇರುವ ತೂತಿನ ನಟ್ಟನಡುವನ್ನು ಹಿಡಿಯಬೇಕು, ಜಾಬ್ ಮಗುಚಿ ಹಾಕಿ ಎರಡನೇ ಬದಿಯನ್ನು ಮೊದಲನೆಯದಕ್ಕೆ ಹೊಂದಿಸಬೇಕು, ಓರೆಯಾಗಿ ಕೂತ ಪ್ಲೇಟಿನ ಕೋನ ತಿಳಿಯಬೇಕು ಎಂದಾಗ ಕಾಗದ ಕೈಕೊಡುತ್ತದೆ. ಅಲ್ಲಿ ಬೇಕಾಗುವುದು ಟಚ್ ಪ್ರೋಬ್: ತುದಿಯಲ್ಲೊಂದು ಗುಂಡು ಇರುವ ಕಡ್ಡಿ, ಯಾವ ದಿಕ್ಕಿನಿಂದ ಏನನ್ನು ಮುಟ್ಟಿದರೂ ಕಂಟ್ರೋಲರ್‌ಗೆ ಸುದ್ದಿ ಕೊಡುವಂಥದ್ದು.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೋಬ್ ಸರಿಯಾದ ಅಳತೆ ಕೊಡಬೇಕಿಲ್ಲ, ಚುರುಕಾಗಿಯೂ ಇರಬೇಕಿಲ್ಲ. ಪ್ರತಿ ಸಲ ಒಂದೇ ಥರ ತಪ್ಪಿದರೆ ಸಾಕು. ಯಾಂತ್ರಿಕ ಭಾಗಕ್ಕೂ ಇದೇ ಮಾತು, ರೇಡಿಯೋ ಭಾಗಕ್ಕೂ ಇದೇ ಮಾತು.

ಮೊದಲು ಯಾಂತ್ರಿಕ ಭಾಗ. ಈ ಬಗೆಯ ಪ್ರೋಬ್ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಇಂಗ್ಲೆಂಡಿನ ರೋಲ್ಸ್‌ರಾಯ್ಸ್‌ನಲ್ಲಿ. ಕಾನ್‌ಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನಿನ ಸಣ್ಣ ವ್ಯಾಸದ ಇಂಧನ ಕೊಳವೆಗಳನ್ನು ಅಳೆಯಬೇಕಿತ್ತು. ಗಟ್ಟಿ ಕಡ್ಡಿಯನ್ನು ಒತ್ತಿ ಅಳೆದರೆ ಕೊಳವೆಯೇ ಜರುಗುತ್ತದೆ. ಡೇವಿಡ್ ಮ್ಯಾಕ್‌ಮರ್ಟ್ರಿ ಎಂಬ ಎಂಜಿನಿಯರ್ ಮುಟ್ಟಿದ ಕೂಡಲೇ ವಾಲಿ ಜಾಗ ಬಿಡುವ, ಬಿಟ್ಟ ಕೂಡಲೇ ಮೊದಲಿನ ಜಾಗಕ್ಕೇ ಬಂದು ಕೂರುವ ಕಡ್ಡಿಯನ್ನು ಮಾಡಿದರು. 1973ರಲ್ಲಿ ಜಾನ್ ಡಿಯರ್ ಜತೆ ಸೇರಿ ಅದಕ್ಕಾಗಿಯೇ ರೆನಿಶಾ ಕಂಪನಿ ಕಟ್ಟಿದರು. ಇವತ್ತು ಮನೆಯಲ್ಲಿ ಮಾಡಿಕೊಳ್ಳುವ ಪ್ರೋಬ್‌ಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಅದೇ ವಿನ್ಯಾಸ.

ಅದರ ಗುಟ್ಟು ‘ಮೊದಲಿನ ಜಾಗಕ್ಕೇ’ ಎಂಬಲ್ಲಿದೆ. ಒಂದು ಘನವಸ್ತು ಆರು ರೀತಿ ಅಲುಗಾಡಬಹುದು: ಮೂರು ದಿಕ್ಕಿಗೆ ಸರಿಯಬಹುದು, ಮೂರು ಅಕ್ಷದ ಸುತ್ತ ತಿರುಗಬಹುದು. ಅದನ್ನು ಸರಿಯಾಗಿ ಆರು ಬಿಂದುಗಳಲ್ಲಿ ತಡೆದರೆ ಅದಕ್ಕೆ ಕೂರಲು ಒಂದೇ ಒಂದು ಜಾಗ ಉಳಿಯುತ್ತದೆ. ಐದಾದರೆ ಸಡಿಲ, ಏಳಾದರೆ ಯಾವ ಆರರ ಮೇಲೆ ಕೂರಬೇಕೆಂಬ ಗೊಂದಲ. ಮೂರು ಕಾಲಿನ ಸ್ಟೂಲು ಎಂಥ ಓರೆಕೋರೆ ನೆಲದ ಮೇಲೂ ಅಲ್ಲಾಡುವುದಿಲ್ಲ, ನಾಲ್ಕು ಕಾಲಿನದು ಅಲ್ಲಾಡುತ್ತದೆ. ತರ್ಕ ಅದೇ. ಹತ್ತೊಂಬತ್ತನೇ ಶತಮಾನದಲ್ಲೇ ಮ್ಯಾಕ್ಸ್‌ವೆಲ್ ಮತ್ತು ಕೆಲ್ವಿನ್ ಉಪಕರಣಗಳ ವಿನ್ಯಾಸಕ್ಕೆ ಇದನ್ನು ಬಳಸಿದ್ದರು. ಪ್ರೋಬ್‌ನಲ್ಲಿ ಸ್ಟೈಲಸ್, ಅಂದರೆ ಮುಟ್ಟುವ ಕಡ್ಡಿ, ಹಿಡಿದ ತಟ್ಟೆಯಿಂದ ಮೂರು ಸಣ್ಣ ಸರಳುಗಳು 120 ಡಿಗ್ರಿ ಅಂತರದಲ್ಲಿ ಹೊರಚಾಚಿರುತ್ತವೆ. ಪ್ರತಿ ಸರಳು ಎರಡು ಗುಂಡುಗಳ ನಡುವಿನ ಕಣಿವೆಯಲ್ಲಿ ಕೂರುತ್ತದೆ. ಮೂರೆರಡಲ ಆರು. ಮೇಲಿನಿಂದ ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ.

ಈ ಆರು ಸ್ಪರ್ಶಗಳನ್ನೇ ಸ್ವಿಚ್ಚಾಗಿ ಬಳಸುವುದು ಮ್ಯಾಕ್‌ಮರ್ಟ್ರಿಯವರ ವಿನ್ಯಾಸದ ಜಾಣ್ಮೆ. ವಿದ್ಯುತ್ತು ಒಂದು ಗುಂಡಿನಿಂದ ಸರಳಿಗೆ, ಸರಳಿನಿಂದ ಇನ್ನೊಂದು ಗುಂಡಿಗೆ, ಅಲ್ಲಿಂದ ಮುಂದಿನ ಜೋಡಿಗೆ, ಹೀಗೆ ಆರನ್ನೂ ಸಾಲಾಗಿ ಹಾಯುತ್ತದೆ. ಕಡ್ಡಿ ಯಾವ ಕಡೆ ವಾಲಿದರೂ ಒಂದಲ್ಲ ಒಂದು ಸ್ಪರ್ಶ ಬಿಡಲೇಬೇಕು, ಸರ್ಕ್ಯೂಟ್ ಕಡಿಯಲೇಬೇಕು. ಅಂದರೆ ಸುಮ್ಮನಿರುವಾಗ ಕರೆಂಟ್ ಹರಿಯುತ್ತಿರುತ್ತದೆ, ಮುಟ್ಟಿದಾಗ ನಿಲ್ಲುತ್ತದೆ. ವೈರು ತುಂಡಾದರೂ ನಿಲ್ಲುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ರೇಡಿಯೋಗೆ ಬಂದಾಗ ಇದು ಬೇಕಾಗುತ್ತದೆ.

ಈಗ ಸ್ವಲ್ಪ ಲೆಕ್ಕ. ಸ್ಪ್ರಿಂಗ್ 3 ನ್ಯೂಟನ್ ಬಲದಿಂದ ಒತ್ತುತ್ತಿದೆ, ಸ್ಪರ್ಶಗಳು ಕೇಂದ್ರದಿಂದ 10 ಮಿ.ಮೀ. ದೂರದಲ್ಲಿವೆ, ಸ್ಟೈಲಸ್ 50 ಮಿ.ಮೀ. ಉದ್ದ ಇದೆ ಎಂದುಕೊಳ್ಳಿ. ತುದಿಯನ್ನು ಒಂದು ದಿಕ್ಕಿಗೆ ತಳ್ಳಿದರೆ ತಟ್ಟೆ ಒಂದೇ ಕಾಲಿನ ಮೇಲೆ ವಾಲಬೇಕು. ಆಗ ಸ್ಪ್ರಿಂಗಿನ ಸನ್ನೆಯ ಉದ್ದ ಪೂರ್ತಿ 10 ಮಿ.ಮೀ. ಅದರ ಎದುರು ದಿಕ್ಕಿಗೆ ತಳ್ಳಿದರೆ ಉಳಿದೆರಡು ಕಾಲುಗಳನ್ನು ಸೇರಿಸುವ ಗೆರೆಯ ಮೇಲೆ ವಾಲುತ್ತದೆ. ಆ ಗೆರೆ ಕೇಂದ್ರದಿಂದ 5 ಮಿ.ಮೀ. ಮಾತ್ರ ದೂರ. ಆದ್ದರಿಂದ ಒಂದು ಕಡೆ 0.6 ನ್ಯೂಟನ್ ಬೇಕು, ಎದುರು ಕಡೆ 0.3 ಸಾಕು. ಎಷ್ಟೇ ನಾಜೂಕಾಗಿ ಮಾಡಿದರೂ ಈ ಎರಡರಷ್ಟು ವ್ಯತ್ಯಾಸ ಹೋಗುವುದಿಲ್ಲ, ಏಕೆಂದರೆ ಅದು ತ್ರಿಕೋನದ ಗುಣ.

ಬಲದ ವ್ಯತ್ಯಾಸ ಅಳತೆಗೆ ಹೇಗೆ ನುಗ್ಗುತ್ತದೆ? ಕಡ್ಡಿ ಬಾಗುವುದರಿಂದ. ಗುಂಡು ಜಾಬನ್ನು ಮುಟ್ಟಿದ ಮೇಲೂ ತಟ್ಟೆ ಏಳುವಷ್ಟು ಬಲ ಕೂಡುವವರೆಗೆ ಯಂತ್ರ ಮುಂದೆ ಹೋಗುತ್ತಲೇ ಇರುತ್ತದೆ, ಕಡ್ಡಿ ಬಾಗುತ್ತಲೇ ಇರುತ್ತದೆ. ಇದನ್ನು ಪ್ರಿ-ಟ್ರಾವೆಲ್ ಅನ್ನುತ್ತಾರೆ. 3 ಮಿ.ಮೀ. ದಪ್ಪದ ಉಕ್ಕಿನ ಕಡ್ಡಿಯಾದರೆ ಬಾಗು 0.3 ನ್ಯೂಟನ್ನಿಗೆ ಸುಮಾರು 16 ಮೈಕ್ರಾನ್, 0.6ಕ್ಕೆ 31 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದೇ ಕಡ್ಡಿಯನ್ನು 1.5 ಮಿ.ಮೀ.ಗೆ ಇಳಿಸಿ ನೋಡಿ. ಬಾಗು ದಪ್ಪದ ನಾಲ್ಕನೇ ಘಾತಕ್ಕೆ ವಿಲೋಮವಾದ್ದರಿಂದ ಹದಿನಾರು ಪಟ್ಟಾಗಿ ಒಂದು ಕಡೆ ಕಾಲು ಮಿಲಿಮೀಟರ್, ಎದುರು ಕಡೆ ಅರ್ಧ ಮಿಲಿಮೀಟರ್ ಮುಟ್ಟುತ್ತದೆ! ಉದ್ದವನ್ನು ಅರ್ಧಕ್ಕಿಳಿಸಿದರೆ ಬಾಗು ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಇಡೀ ಪ್ರೋಬ್‌ನಲ್ಲಿ ಅತಿ ಅಗ್ಗದ ಸುಧಾರಣೆ ಎಂದರೆ ಗಿಡ್ಡ, ದಪ್ಪ ಸ್ಟೈಲಸ್. ಆಳದ ಪಾಕೆಟ್ಟಿನ ತಳ ಮುಟ್ಟಬೇಕೆಂಬ ಆಸೆಗೆ ಬಿದ್ದು ಉದ್ದ ಕಡ್ಡಿ ಹಾಕಿಕೊಂಡು, ಆಮೇಲೆ ಮಾಣಿಕ್ಯದ ಗುಂಡು ಎಷ್ಟು ದುಂಡಗಿದೆ ಎಂದು ಚಿಂತಿಸುವುದರಲ್ಲಿ ಅರ್ಥವಿಲ್ಲ.

ಮಾಣಿಕ್ಯ ಎಂದ ಕೂಡಲೇ ಹೆದರಬೇಡಿ, ಅದು ಕಾರ್ಖಾನೆಯಲ್ಲಿ ಮಾಡಿದ ಅಲ್ಯುಮಿನಿಯಂ ಆಕ್ಸೈಡ್ ಹರಳು. ಗಟ್ಟಿ, ನುಣುಪು, ವಿದ್ಯುತ್ತು ಹಾಯಿಸದು. ಸ್ಟೈಲಸ್‌ಗಳು ಎಂ2, ಎಂ3, ಎಂ4 ಸ್ಕ್ರೂ ಅಳತೆಗಳಲ್ಲಿ ಸಿದ್ಧವಾಗಿ ಬರುತ್ತವೆ. ಅದನ್ನು ಮಾತ್ರ ಕೊಂಡುಕೊಳ್ಳಿ, ಉಳಿದದ್ದನ್ನು ಮಾಡಿಕೊಳ್ಳಿ. ಕೆಳಗಿನ ಗುಂಡುಗಳಿಗೆ ಹಳೆಯ ಬೇರಿಂಗ್ ಒಡೆದು ತೆಗೆದ ಉಕ್ಕಿನ ಗುಂಡು, ಸರಳುಗಳಿಗೆ ಡೋವೆಲ್ ಪಿನ್ ಸಾಕು. ಉಕ್ಕಿಗಿಂತ ಟಂಗ್‌ಸ್ಟನ್ ಕಾರ್ಬೈಡ್ ಒಳ್ಳೆಯದು, ಏಕೆಂದರೆ ಉಕ್ಕಿಗೆ ತುಕ್ಕಿನ ಪೊರೆ ಹಿಡಿದರೆ ಸ್ಪರ್ಶದ ರೋಧ ಏರಿ, ಮುಟ್ಟದೆಯೇ ಮುಟ್ಟಿದಂತೆ ಸುದ್ದಿ ಬರುತ್ತದೆ. ಎಣ್ಣೆ ಹಾಕಬೇಡಿ. ಧೂಳು ಒಳಹೋಗದಂತೆ ಕಡ್ಡಿಯ ಸುತ್ತ ತೆಳು ರಬ್ಬರ್ ಪೊರೆ ಹಾಕಿ, ಆದರೆ ಪೊರೆ ಕಡ್ಡಿಯನ್ನು ಒಂದು ಕಡೆಗೆ ಎಳೆಯಬಾರದು.

ಇನ್ನು ತಪ್ಪನ್ನು ಅಳೆಯುವ ಕೆಲಸ. 6204 ಬೇರಿಂಗ್ ತಗೊಳ್ಳಿ. ಅದರ ಒಳವ್ಯಾಸ 20 ಮಿ.ಮೀ., ಸಾಮಾನ್ಯ ದರ್ಜೆಯದರಲ್ಲೂ 10 ಮೈಕ್ರಾನಿಗಿಂತ ಹೆಚ್ಚು ಕಡಿಮೆಯಿರುವುದಿಲ್ಲ. ರಿಂಗ್ ಗೇಜ್ (ಒಳವ್ಯಾಸ ನಿಖರವಾಗಿ ಗೊತ್ತಿರುವ ಅಳತೆಯ ಬಳೆ) ಇಲ್ಲದವರಿಗೆ ಇದೇ ರಿಂಗ್ ಗೇಜ್. ಒಳಗಿನ ರಿಂಗ್ ಅಲುಗದಂತೆ ಮೇಜಿಗೆ ಕಚ್ಚಿಸಿ, 3 ಮಿ.ಮೀ. ಗುಂಡನ್ನು ಒಳಗಿಳಿಸಿ ಎಡಕ್ಕೂ ಬಲಕ್ಕೂ ಮುಟ್ಟಿಸಿ. ಎಲ್ಲ ಸರಿಯಾಗಿದ್ದರೆ ಎರಡು ಸ್ಪರ್ಶಗಳ ನಡುವೆ 17 ಮಿ.ಮೀ. ಬರಬೇಕು. ಬರುವುದು 17.047 ಎಂದಿಟ್ಟುಕೊಳ್ಳಿ; ಎರಡೂ ಬದಿಯ ಬಾಗು ಕೂಡಿದರೆ ಅಷ್ಟೇ. ಸರಿ, ಇನ್ನು ಮೇಲೆ ನಮ್ಮ ಗುಂಡಿನ ವ್ಯಾಸ 3 ಅಲ್ಲ, 2.953. ಸಾಫ್ಟ್‌ವೇರ್‌ನಲ್ಲಿ ಆ ಸಂಖ್ಯೆ ಬರೆದರೆ ತಪ್ಪು ಕಳೆಯಿತು.

ಪೂರ್ತಿ ಕಳೆಯಲಿಲ್ಲ. ಒಂದು ಕಡೆ 16, ಎದುರು ಕಡೆ 31 ಮೈಕ್ರಾನ್ ಬಾಗಿದ್ದರಿಂದ ವ್ಯಾಸ ಸರಿಹೋದರೂ ಕೇಂದ್ರ 7–8 ಮೈಕ್ರಾನ್ ಪಕ್ಕಕ್ಕೆ ಸರಿದಿರುತ್ತದೆ. ಇದರ ಜತೆಗೆ ಗುಂಡು ಸ್ಪಿಂಡಲ್ಲಿನ (ಟೂಲ್ ಹಿಡಿದು ತಿರುಗಿಸುವ ಭಾಗದ) ಅಕ್ಷದ ಮೇಲೇ ಇರುವುದಿಲ್ಲ, ತಿರುಗಿಸಿದರೆ ಅದು ಸ್ವಲ್ಪ ಆಚೀಚೆ ಓಡುತ್ತದೆ. ಡಯಲ್ ಇಂಡಿಕೇಟರ್ ಇಟ್ಟು, ಸ್ಪಿಂಡಲ್ ಕೈಯಿಂದ ತಿರುಗಿಸುತ್ತಾ, ಶ್ಯಾಂಕಿನ (ಸ್ಪಿಂಡಲ್ಲಿಗೆ ಸಿಕ್ಕಿಸುವ ಹಿಡಿಯ) ಸುತ್ತಲಿನ ನಾಲ್ಕು ಸ್ಕ್ರೂಗಳಲ್ಲಿ ಅದನ್ನು 10 ಮೈಕ್ರಾನ್ ಒಳಗೆ ತನ್ನಿ. ಉಳಿದದ್ದು ಎಷ್ಟಿದ್ದರೂ ಪ್ರತಿ ಸಲ ಅಷ್ಟೇ ಇರುವಂತೆ ಮಾಡಲು ಒಂದೇ ದಾರಿ: ಪ್ರೋಬ್‌ನ ಮೈಮೇಲೊಂದು ಗೆರೆ, ಸ್ಪಿಂಡಲ್ಲಿನ ಮೇಲೊಂದು ಗೆರೆ, ಯಾವಾಗ ಹಾಕಿದರೂ ಎರಡೂ ಎದುರುಬದುರು. ಹಾಗಿದ್ದರೆ ಆ ಏಳೆಂಟು ಮೈಕ್ರಾನನ್ನೂ ಒಂದು ಸ್ಥಿರ ಸಂಖ್ಯೆಯಾಗಿ ಕಳೆಯಬಹುದು.

ಈಗ ವೈರ್‌ಲೆಸ್.

ಮೊದಲ ಸಲಹೆ: ಮೊದಲು ವೈರು ಹಾಕಿಯೇ ಮಾಡಿ. ತಂತಿಯಲ್ಲಿ ಸರಿಯಾಗಿ ಅಳೆಯದ ಪ್ರೋಬ್ ಗಾಳಿಯಲ್ಲಿ ಸರಿಯಾಗುವುದಿಲ್ಲ, ಮೇಲಾಗಿ ತೊಂದರೆ ಎಲ್ಲಿದೆ ಎಂದು ಹುಡುಕುವುದು ಹತ್ತುಪಟ್ಟು ಕಷ್ಟವಾಗುತ್ತದೆ. ಹಾಗಾದರೆ ತಂತಿ ಯಾಕೆ ಬಿಡಬೇಕು? ಟೂಲ್ ಬದಲಿಸಿದಷ್ಟು ಸಲ ತಂತಿ ಸಿಕ್ಕಿಸಿ ಬಿಚ್ಚಬೇಕು, ಅದು ಜಾಬಿಗೋ ಕ್ಲ್ಯಾಂಪಿಗೋ ತಗುಲುತ್ತದೆ. ಸ್ಪಿಂಡಲ್‌ನ ವಿಎಫ್‌ಡಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಪಕ್ಕದಲ್ಲೇ ಹಾದುಹೋಗುವ ಉದ್ದ ತಂತಿ ಆಂಟೆನಾದಂತೆ ಗದ್ದಲ ಹಿಡಿಯುತ್ತದೆ. ಟೂಲ್ ತಾನೇ ಬದಲಾಗುವ ಯಂತ್ರವಾದರೆ ತಂತಿಯ ಮಾತೇ ಇಲ್ಲ. ಇವು ಯಾವುವೂ ನಿಮ್ಮ ತೊಂದರೆಗಳಲ್ಲದಿದ್ದರೆ ತಂತಿಯಲ್ಲೇ ಇರಿ, ಅದರಲ್ಲಿ ಸಣ್ಣತನವೇನೂ ಇಲ್ಲ.

ತಂತಿ ಕತ್ತರಿಸಿದ ಕೂಡಲೇ ಎದುರಾಗುವುದು ವಿಳಂಬ. ಪ್ರೋಬ್ ನಿಮಿಷಕ್ಕೆ 60 ಮಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ 1 ಮಿ.ಮೀ., ಮಿಲಿಸೆಕೆಂಡಿಗೆ 1 ಮೈಕ್ರಾನ್. ಬಹಳ ಅನುಕೂಲದ ವೇಗ ಇದು: ಎಷ್ಟು ಮಿಲಿಸೆಕೆಂಡ್ ತಡವೋ ಅಷ್ಟು ಮೈಕ್ರಾನ್ ತಪ್ಪು. 10 ಮಿಲಿಸೆಕೆಂಡ್ ತಡವಾದರೆ 10 ಮೈಕ್ರಾನ್. ಆದರೆ ಆ 10 ಯಾವಾಗಲೂ 10 ಆಗಿದ್ದರೆ, ವೇಗವೂ ಬದಲಾಗದಿದ್ದರೆ, ಅದು ಕಡ್ಡಿಯ ಬಾಗಿನ ಜತೆ ಸೇರಿ ಬೇರಿಂಗಿನ ಲೆಕ್ಕದಲ್ಲೇ ಕಳೆದುಹೋಗುತ್ತದೆ. ಒಮ್ಮೆ 2, ಇನ್ನೊಮ್ಮೆ 9 ಆದರೆ ಮಾತ್ರ ಯಾವ ಲೆಕ್ಕವೂ ಉಳಿಸದು. ಹೆದರಬೇಕಾದದ್ದು ವಿಳಂಬದ ಏರುಪೇರಿಗೆ, ಅಂದರೆ ಜಿಟರ್‌ಗೆ.

ಈ ದೃಷ್ಟಿಯಿಂದ ದಾರಿಗಳನ್ನು ನೋಡೋಣ. ಟಿವಿ ರಿಮೋಟಿನ ಇನ್‌ಫ್ರಾರೆಡ್ ಸರಳ ಎನಿಸುತ್ತದೆ. ಆದರೆ ಆ 38 ಕಿಲೋಹರ್ಟ್ಸ್ ರಿಸೀವರ್‌ಗಳು ಬಿಡದೆ ಬರುವ ಸಿಗ್ನಲನ್ನು ಗದ್ದಲವೆಂದು ತಿಳಿದು ಅದಕ್ಕೆ ಕಿವುಡಾಗುತ್ತವೆ, ಬಿಟ್ಟು ಬಿಟ್ಟು ಕಳಿಸಬೇಕು. ಲೋಹದ ಚೂರು, ಕೂಲಂಟ್ ಅಡ್ಡ ಬಂದರೆ ಮುಗಿಯಿತು. ಕೈಗಾರಿಕೆಯಲ್ಲಿ ಬೆಳಕಿನ ಪ್ರೋಬ್‌ಗಳು ಚೆನ್ನಾಗಿಯೇ ನಡೆಯುತ್ತವೆ, ಆದರೆ ಅವುಗಳ ರಿಸೀವರ್ ಟಿವಿಯದಲ್ಲ. ಬ್ಲೂಟೂತ್ ಲೋ ಎನರ್ಜಿಯಲ್ಲಿ ಸಾಮಾನ್ಯವಾಗಿ ಎರಡು ಭೇಟಿಗಳ ನಡುವಿನ ಕನಿಷ್ಠ ಅಂತರ 7.5 ಮಿಲಿಸೆಕೆಂಡ್. ಮುಟ್ಟಿದ್ದು ಭೇಟಿಗೆ ಮೊದಲೋ ಆಮೇಲೋ ಎಂಬುದರ ಮೇಲೆ ಸುದ್ದಿ ಹೊರಡುವ ಸಮಯ ಅಷ್ಟು ಆಚೀಚೆ ಆಗುತ್ತದೆ. ನನ್ನ ಆಯ್ಕೆ ಎನ್‌ಆರ್‌ಎಫ್24ಎಲ್01+ ಎಂಬ ರೇಡಿಯೋ ಚಿಪ್. ಹಳೆಯ ಚಿಪ್, 2.4 ಗಿಗಾಹರ್ಟ್ಸ್, ಬ್ಲೂಟೂತಿನಂತೆ ಪೇರಿಂಗ್ ಮಾಡುವ ತಂಟೆಯಿಲ್ಲ. ಸ್ಟ್ಯಾಂಡ್‌ಬೈನಲ್ಲಿ 26 ಮೈಕ್ರೋಆಂಪಿಯರ್ ತಿನ್ನುತ್ತಾ ಕೂತಿದ್ದು, ಹೇಳಿದ 130 ಮೈಕ್ರೋಸೆಕೆಂಡಿಗೆ ಮಾತಾಡತೊಡಗುತ್ತದೆ. ಪೂರ್ತಿ ಮಲಗಿಸಿದರೆ ಏಳಲು ಒಂದೂವರೆ ಮಿಲಿಸೆಕೆಂಡ್ ಬೇಕು, ಆದ್ದರಿಂದ ಅಳೆಯುವ ಹೊತ್ತಿನಲ್ಲಿ ಅದನ್ನು ಮಲಗಿಸಬಾರದು.

ಇಲ್ಲೂ ಏರುಪೇರು ಇದ್ದೇ ಇದೆ. ಅದೇ ಬ್ಯಾಂಡಿನಲ್ಲಿ ವೈಫೈ ಓಡಾಡುತ್ತಿರುತ್ತದೆ. ಪ್ಯಾಕೆಟ್ ತಲುಪದಿದ್ದರೆ ಚಿಪ್ ಮತ್ತೆ ಕಳಿಸುತ್ತದೆ, ಪ್ರತಿ ಸಲ ಕನಿಷ್ಠ 250 ಮೈಕ್ರೋಸೆಕೆಂಡ್ ಕಾದು. ಮೊದಲ ಯತ್ನಕ್ಕೇ ತಲುಪಿದ ಸುದ್ದಿಗೂ ಐದನೇ ಯತ್ನಕ್ಕೆ ತಲುಪಿದ ಸುದ್ದಿಗೂ ಒಂದು ಮಿಲಿಸೆಕೆಂಡಿಗಿಂತ ಹೆಚ್ಚಿನ ಅಂತರ. ಇದಕ್ಕೆ ಒಂದು ಉಪಾಯವಿದೆ, ಇಡೀ ಯೋಜನೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದು. ಮರುಯತ್ನವನ್ನು ಚಿಪ್‌ಗೆ ಬಿಡದೆ ನಾವೇ ಮಾಡಬೇಕು, ಪ್ರತಿ ಪ್ಯಾಕೆಟ್ಟಿನಲ್ಲೂ ‘ಮುಟ್ಟಿ ಇಷ್ಟು ಮೈಕ್ರೋಸೆಕೆಂಡಾಯಿತು’ ಎಂದು ಬರೆದು ಕಳಿಸಬೇಕು. ರಿಸೀವರ್ ಸುದ್ದಿ ಬಂದ ಕೂಡಲೇ ಕಂಟ್ರೋಲರ್‌ಗೆ ಹೇಳುವುದಿಲ್ಲ. ಮುಟ್ಟಿದ ಕ್ಷಣದಿಂದ ಸರಿಯಾಗಿ 3 ಮಿಲಿಸೆಕೆಂಡ್ ಆಗುವವರೆಗೆ ಕಾದು ಹೇಳುತ್ತದೆ. ಮೊದಲ ಪ್ಯಾಕೆಟ್ ಸಿಕ್ಕರೆ ಹೆಚ್ಚು ಕಾಯುತ್ತದೆ, ಐದನೆಯದು ಸಿಕ್ಕರೆ ಕಡಿಮೆ ಕಾಯುತ್ತದೆ. ಹೊರಗೆ ನಿಂತು ನೋಡುವವರಿಗೆ ಯಾವಾಗಲೂ 3. ಬೇಕೆಂದೇ ನಿಧಾನ ಮಾಡಿ ಏರುಪೇರು ತೆಗೆದಂತಾಯಿತು. ಎರಡು ಕಡೆಯ ಗಡಿಯಾರ ಹೊಂದಿಸುವ ಗೋಜೂ ಇಲ್ಲ, ಏಕೆಂದರೆ ಪ್ರತಿ ಸುದ್ದಿಯೂ ತನ್ನ ವಯಸ್ಸನ್ನು ತಾನೇ ಹೊತ್ತು ತರುತ್ತದೆ. ಇದೇ ಉಪಾಯದಿಂದ ಬ್ಲೂಟೂತನ್ನೂ ಪಳಗಿಸಬಹುದು, 3ರ ಬದಲು 30 ಮಿಲಿಸೆಕೆಂಡ್ ಇಟ್ಟುಕೊಳ್ಳಬೇಕಾದೀತು, ಅಷ್ಟೆ.

ಮುಂದಿನ ಪ್ರಶ್ನೆ: ಸುದ್ದಿ ಬರಲೇ ಇಲ್ಲ ಎಂದರೆ? ತಂತಿಯ ಪ್ರೋಬ್‌ನಲ್ಲಿ ತುಂಡಾದ ತಂತಿಗೂ ಮುಟ್ಟಿದ್ದಕ್ಕೂ ಅರ್ಥ ಒಂದೇ, ಯಂತ್ರ ನಿಲ್ಲುತ್ತಿತ್ತು. ‘ಮುಟ್ಟಿದಾಗ ಮಾತ್ರ ಹೇಳು’ ಎಂಬ ರೇಡಿಯೋದಲ್ಲಿ ಅದು ತಲೆಕೆಳಗಾಗುತ್ತದೆ: ಬ್ಯಾಟರಿ ಸತ್ತರೆ ಯಂತ್ರ ‘ಇನ್ನೂ ಮುಟ್ಟಿಲ್ಲ’ ಎಂದುಕೊಂಡು ಪ್ರೋಬ್‌ನ್ನು ಜಾಬಿನೊಳಗೇ ನೂಕುತ್ತದೆ. ಆದ್ದರಿಂದ ಪ್ರೋಬ್ ಸುಮ್ಮನಿರುವಾಗ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ‘ಬದುಕಿದ್ದೇನೆ, ಮುಟ್ಟಿಲ್ಲ’ ಎನ್ನುತ್ತಿರಬೇಕು. 50 ಮಿಲಿಸೆಕೆಂಡ್ ಸದ್ದಿಲ್ಲದಿದ್ದರೆ ರಿಸೀವರ್ ಅದನ್ನು ಮುಟ್ಟಿದೆ ಎಂದೇ ಪರಿಗಣಿಸಬೇಕು. ಲೆಕ್ಕ ಹಾಕಿ: ನಿಮಿಷಕ್ಕೆ 300 ಮಿ.ಮೀ. ವೇಗದಲ್ಲಿ ಆ 50 ಮಿಲಿಸೆಕೆಂಡಿಗೆ ಕಾಲು ಮಿಲಿಮೀಟರ್. ನಂತರ ನಿಲ್ಲಲು, ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 50 ಮಿ.ಮೀ. ಇದ್ದರೆ, ಇನ್ನೊಂದು ಕಾಲು. ಒಟ್ಟು ಅರ್ಧ ಮಿಲಿಮೀಟರ್. ಕಡ್ಡಿ ಕೆಲವು ಮಿಲಿಮೀಟರ್ ವಾಲಬಲ್ಲದು, ಏನೂ ಮುರಿಯುವುದಿಲ್ಲ.

ಸದಾ ಮಾತಾಡುತ್ತಿದ್ದರೆ ಬ್ಯಾಟರಿ ಉಳಿಯುತ್ತದೆಯೇ? ಒಂದು ಪ್ಯಾಕೆಟ್ಟಿಗೆ ಅರ್ಧ ಮಿಲಿಸೆಕೆಂಡ್, 12 ಮಿಲಿಆಂಪಿಯರ್ ಎಂದು ಕೈಬಿಚ್ಚಿ ಲೆಕ್ಕ ಹಾಕಿದರೂ ಸರಾಸರಿ 0.3 ಮಿಲಿಆಂಪಿಯರ್. ಸಿಆರ್2032 ಬಿಲ್ಲೆಯಲ್ಲಿ 220 ಮಿಲಿಆಂಪಿಯರ್-ಗಂಟೆ ಇರುತ್ತದೆ. ಕಾಗದದ ಮೇಲೆ 700 ಗಂಟೆ ದಾಟುತ್ತದೆ. ಪ್ರೊಸೆಸರ್ ಪ್ಯಾಕೆಟ್‌ಗಳ ನಡುವೆ ಮಲಗಿರಬೇಕು ಎಂಬುದು ಷರತ್ತು. ಬಿಲ್ಲೆಗೆ ಒಮ್ಮೆಲೇ 12 ಮಿಲಿಆಂಪಿಯರ್ ಕೊಡುವ ತಾಕತ್ತು ಕಡಿಮೆ, ಹಳೆಯದಾದಂತೆ ವೋಲ್ಟೇಜ್ ಕುಸಿಯುತ್ತದೆ. ಪಕ್ಕದಲ್ಲೊಂದು 100 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇಡಿ. ಕೆಲಸವಿಲ್ಲದೆ ಕೆಲವು ನಿಮಿಷ ಕಳೆದರೆ ಪ್ರೋಬ್ ಪೂರ್ತಿ ಮಲಗಲಿ, ಕಡ್ಡಿಯನ್ನು ಬೆರಳಿನಿಂದ ಒಮ್ಮೆ ತಟ್ಟಿದರೆ ಏಳಲಿ. ಬೇರೆ ಸ್ವಿಚ್ ಬೇಡ.

ಕಂಟ್ರೋಲರ್ ಕಡೆಯ ಕೆಲಸ ಚಿಕ್ಕದು. ರಿಸೀವರ್‌ನಿಂದ ಪಿಸಿ817ನಂಥ ಆಪ್ಟೋಕಪ್ಲರ್ (ಸಿಗ್ನಲನ್ನು ಬೆಳಕಿನಲ್ಲಿ ದಾಟಿಸುವ ಬಿಡಿಭಾಗ) ಮೂಲಕ ಪ್ರೋಬ್ ಪಿನ್ನಿಗೆ. ಜಿಆರ್‌ಬಿಎಲ್ (ಸಿಎನ್‌ಸಿ ನಡೆಸುವ ಪ್ರೋಗ್ರಾಂ) ಓಡುವ ಆರ್ಡುಯಿನೋ ಯೂನೋ ಬೋರ್ಡಿನಲ್ಲಿ ಅದು ಎ5. ಸಿಗ್ನಲ್ ಉಲ್ಟಾ ಇದ್ದರೆ $6 ಸೆಟ್ಟಿಂಗ್ ಬದಲಿಸಿ. ಜಿ38.2, ಅಂದರೆ ‘ಮುಟ್ಟುವವರೆಗೆ ಹೋಗು’ ಎಂಬ ಆಜ್ಞೆ ಕೊಟ್ಟಾಗ ಪ್ರೋಬ್ ಮೊದಲೇ ಮುಟ್ಟಿದ ಸ್ಥಿತಿಯಲ್ಲಿದ್ದರೆ ಜಿಆರ್‌ಬಿಎಲ್ ಅಲಾರಂ 4 ಕೊಟ್ಟು ಹೊರಡಲೇ ಒಪ್ಪುವುದಿಲ್ಲ. ನಮ್ಮ ಪ್ರೋಬ್ ಮಲಗಿದ್ದರೂ, ಬಿಲ್ಲೆ ಸತ್ತಿದ್ದರೂ, ಪೆಟ್ಟಿಗೆಯಲ್ಲೇ ಉಳಿದಿದ್ದರೂ ರಿಸೀವರ್ ‘ಮುಟ್ಟಿದೆ’ ಎನ್ನುತ್ತಿರುತ್ತದಲ್ಲ? ಹಾಗಾಗಿ ಈ ಎಲ್ಲ ಸಂದರ್ಭಗಳಲ್ಲೂ ಯಂತ್ರ ಜಾಗ ಬಿಟ್ಟು ಕದಲದು. ಒಂದು ಸಾಲೂ ಹೆಚ್ಚುವರಿ ಪ್ರೋಗ್ರಾಂ ಬರೆಯದೆ ಸಿಗುವ ರಕ್ಷಣೆ ಇದು.

ಮುಟ್ಟಿಸುವ ಕ್ರಮ ಎರಡು ಹಂತದ್ದು: ಮೊದಲು ವೇಗವಾಗಿ ಹೋಗಿ ಜಾಗ ಹುಡುಕಿ, ಒಂದೆರಡು ಮಿಲಿಮೀಟರ್ ಹಿಂದೆ ಬಂದು, ನಿಮಿಷಕ್ಕೆ 60ರಲ್ಲಿ ಮತ್ತೆ ಮುಟ್ಟಿಸಿ. ಎರಡನೆಯದನ್ನೇ ನಂಬಿ. ಬೇರಿಂಗಿನಲ್ಲಿ ಲೆಕ್ಕ ಹಾಕಿದ್ದೂ ಇದೇ ವೇಗದಲ್ಲಿರಬೇಕು.

ಕೊನೆಗೆ ಕೆಲವು ಪ್ರಶ್ನೆಗಳು ಬಂದವು. ಇಷ್ಟೆಲ್ಲ ಮಾಡಿದರೆ ಎಷ್ಟು ಮೈಕ್ರಾನ್ ನಂಬಬಹುದು ಎಂದು ಒಬ್ಬರು ಕೇಳಿದರು. ಉತ್ತರ ಪ್ರೋಬ್‌ನಲ್ಲಿಲ್ಲ, ಯಂತ್ರದಲ್ಲಿದೆ. 200 ಹೆಜ್ಜೆಯ ಸ್ಟೆಪ್ಪರ್, 16 ಮೈಕ್ರೋಸ್ಟೆಪ್, ಸುತ್ತಿಗೆ 5 ಮಿ.ಮೀ. ಸರಿಸುವ ಸ್ಕ್ರೂ ಇದ್ದರೆ ಒಂದು ಹೆಜ್ಜೆ 1.6 ಮೈಕ್ರಾನ್ ಆಸುಪಾಸು. ಅದೇ ಮೋಟಾರು 20 ಹಲ್ಲಿನ ಜಿಟಿ2 (ಹಲ್ಲಿಂದ ಹಲ್ಲಿಗೆ 2 ಮಿ.ಮೀ.) ಪುಲ್ಲಿ ಮತ್ತು ಬೆಲ್ಟ್ ಎಳೆಯುತ್ತಿದ್ದರೆ ಒಂದು ಹೆಜ್ಜೆಯೇ 12.5 ಮೈಕ್ರಾನ್, ಅಂಥ ಯಂತ್ರದಲ್ಲಿ ಕಡ್ಡಿಯ ಏಳೆಂಟು ಮೈಕ್ರಾನಿಗಾಗಿ ತಲೆ ಕೆಡಿಸಿಕೊಳ್ಳಬೇಡಿ. ಸ್ಕ್ರೂವಿನಲ್ಲಿ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) ಇದ್ದರೆ ತೂತಿನ ಎರಡು ಬದಿಗಳನ್ನು ವಿರುದ್ಧ ದಿಕ್ಕಿನಿಂದ ಮುಟ್ಟುವಾಗ ಅದೂ ವ್ಯಾಸದೊಳಗೆ ಸೇರಿಕೊಳ್ಳುತ್ತದೆ.

ವೇಗವಾಗಿ ಓಡುವಾಗ ಕಡ್ಡಿ ತಾನೇ ಅದುರಿ ಸುಳ್ಳು ಸುದ್ದಿ ಕೊಡುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಕೊಡುತ್ತದೆ. ಜಿಆರ್‌ಬಿಎಲ್ ಪ್ರೋಬ್ ಆಜ್ಞೆಯ ಹೊರಗೆ ಆ ಪಿನ್ನನ್ನು ಲೆಕ್ಕಿಸುವುದಿಲ್ಲ, ಹಾಗಾಗಿ ತೊಂದರೆಯಿಲ್ಲ. ಲಿನಕ್ಸ್‌ಸಿಎನ್‌ಸಿ ಎಂಬ ಇನ್ನೊಂದು ಪ್ರೋಗ್ರಾಂ ಮಾತ್ರ ಅದನ್ನು ತಪ್ಪೆಂದು ನಿಲ್ಲಿಸುತ್ತದೆ. ಸ್ಪ್ರಿಂಗ್ ಬಿಗಿ ಮಾಡುವ ಬದಲು ವೇಗೋತ್ಕರ್ಷ ಇಳಿಸಿ, ಇಲ್ಲವೇ ಸ್ಪರ್ಶ ಒಂದು ಮಿಲಿಸೆಕೆಂಡ್ ಪೂರ್ತಿ ಬಿಟ್ಟಿದ್ದರೆ ಮಾತ್ರ ನಂಬು ಎಂದು ಪ್ರೋಬ್‌ನ ಪ್ರೋಗ್ರಾಂನಲ್ಲೇ ಬರೆಯಿರಿ. ತಡ ಆಗುತ್ತದೆ ನಿಜ, ಆದರೆ ಸ್ಥಿರವಾದ ತಡ. 3 ಮಿಲಿಸೆಕೆಂಡಿನೊಳಗೆ ಅದಕ್ಕೂ ಜಾಗವಿದೆ.

ಪ್ರೋಬ್ ಸ್ಪಿಂಡಲ್ಲಿನಲ್ಲಿರುವಾಗ ಯಾರಾದರೂ ಸ್ಪಿಂಡಲ್ ಚಾಲೂ ಮಾಡಿದರೆ ಏನು ಗತಿ ಎಂದು ಹಿಂದಿನ ಸಾಲಿನಿಂದ ಕೇಳಿದರು. ತಂತಿಯಿದ್ದಾಗ ಅದು ಕಣ್ಣಿಗೆ ಬಿದ್ದು ಎಚ್ಚರಿಸುತ್ತಿತ್ತು, ಈಗ ಎಚ್ಚರಿಸುವವರಿಲ್ಲ. ರಿಸೀವರ್‌ನಲ್ಲಿ ಒಂದು ರಿಲೇ ಸೇರಿಸಿ: ಪ್ರೋಬ್‌ನಿಂದ ‘ಬದುಕಿದ್ದೇನೆ’ ಎಂಬ ಸದ್ದು ಬರುತ್ತಿರುವಷ್ಟು ಹೊತ್ತು ವಿಎಫ್‌ಡಿಯ ರನ್ ಸಿಗ್ನಲ್ ಕಡಿದಿರಲಿ. ಪ್ರೋಬ್ ಮಲಗಿದಾಗ ಈ ತಡೆ ಇರುವುದಿಲ್ಲ, ಅಲ್ಲೊಂದು ಕಿಂಡಿ ಉಳಿಯುತ್ತದೆ. ಅದನ್ನು ಮುಚ್ಚಲು ಪ್ರೋಬ್ ಇಡುವ ಸ್ಟ್ಯಾಂಡಿನಲ್ಲಿ ಒಂದು ಲಿಮಿಟ್ ಸ್ವಿಚ್ ಹಾಕಿ, ಪ್ರೋಬ್ ತನ್ನ ಜಾಗದಲ್ಲಿ ಕೂತಿದ್ದರೆ ಮಾತ್ರ ಸ್ಪಿಂಡಲ್ ತಿರುಗುವಂತೆ ಅದನ್ನು ಅದೇ ರಿಲೇಗೆ ಸಾಲಾಗಿ ಜೋಡಿಸಿ.